ನಾಲ್ಕು ಲಕ್ಷ ಎಷ್ಟು ತಿಂಗಳಿಗೆ ಬರುತ್ತದೆ? ಕೋಲಾರದ ಒಂದು ಜೀವನಾಂಶ ಪ್ರಕರಣ

ಬಾಂಡ್ ಪೇಪರ್ ಆಕೆಯ ಊಟದ ಬ್ಯಾಗಿನಲ್ಲಿತ್ತು. ಡಬ್ಬಿಯ ಸಾರು ಸೋರಿ ಒಂದು ಮೂಲೆ ಹಳದಿಯಾಗಿತ್ತು. 2024ರ ಜುಲೈ ತಿಂಗಳು. ನಾನು ಕೋಲಾರದಲ್ಲಿ ಪ್ಯಾರಾ ಲೀಗಲ್ ವಾಲಂಟಿಯರ್, ಅಂದರೆ ಕಾನೂನಿನ ನೆರವು ಬೇಕಾದವರಿಗೆ ದಾರಿ ತೋರಿಸುವ ಸ್ವಯಂಸೇವಕಿ. ಬಟ್ಟೆ ಅಂಗಡಿ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಆಕೆ ನನ್ನ ಮೇಜಿಗೆ ಬಂದಿದ್ದರು.

"ಅಕ್ಕಾ, ಇದಕ್ಕೆ ಸೈನ್ ಹಾಕ್ಬಿಡ್ಲಾ? ನಾಳೆ ಎಲ್ರೂ ಸೇರ್ತಾರಂತೆ."

ಎರಡೂ ಕಡೆಯ ಹಿರಿಯರು ಊರಲ್ಲಿ ಕೂತು ಬರೆಸಿದ ಒಪ್ಪಂದ ಅದು. ಗಂಡನ ಕಡೆಯವರು ಒಂದೇ ಸಲಕ್ಕೆ 4 ಲಕ್ಷ ಕೊಡುವುದು. ಇಬ್ಬರೂ ಒಪ್ಪಿ ಕೋರ್ಟಿನಲ್ಲಿ ವಿಚ್ಛೇದನ ತೆಗೆದುಕೊಳ್ಳುವುದು. ಮಕ್ಕಳು ತಾಯಿಯ ಹತ್ತಿರ ಇರುವುದು. ಕೊನೆಯಲ್ಲಿ ಒಂದು ಸಾಲು: "ಇನ್ನು ಮುಂದೆ ಮಕ್ಕಳ ವಿದ್ಯಾಭ್ಯಾಸ, ಖರ್ಚುವೆಚ್ಚದ ಬಗ್ಗೆ ಒಂದನೇ ಪಾರ್ಟಿಯವರ ಮೇಲೆ ಯಾವುದೇ ತಕರಾರು ಮಾಡತಕ್ಕದ್ದಲ್ಲ." ಒಂದನೇ ಪಾರ್ಟಿ ಅಂದರೆ ಗಂಡ.

ಈ ಪ್ರಕರಣವೆಲ್ಲ ಆ ಒಂದು ಸಾಲಿನ ಸುತ್ತಲೇ ನಡೆಯಿತು. ಯಾರ ಹೆಸರೂ ಹಾಕುವುದಿಲ್ಲ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ, ಮೊತ್ತಗಳನ್ನು ಲೆಕ್ಕಕ್ಕೆ ಸುಲಭವಾಗುವಂತೆ ಸರಿಮಾಡಿದ್ದೇನೆ.

ಮನೆ, ಮಂದಿ

ತಂದೆಗೆ ನರಸಾಪುರ ಕೈಗಾರಿಕಾ ಪ್ರದೇಶದ ಒಂದು ಕಂಪನಿಯಲ್ಲಿ ಕಾಯಂ ಕೆಲಸ. ಊರಲ್ಲಿ ಎರಡು ಸೀಮೆಹಸು. ತಾತನ ಹೆಸರಿನ ಪಹಣಿಯಲ್ಲಿ ಒಂದೂವರೆ ಎಕರೆ, ಅದರಲ್ಲಿ ಅಣ್ಣ ತಮ್ಮ ಸೇರಿ ಟೊಮ್ಯಾಟೊ ಹಾಕುತ್ತಾರೆ. ತಾಯಿ 2023ರ ಆರಂಭದಲ್ಲೇ ಮಕ್ಕಳನ್ನು ಕರೆದುಕೊಂಡು ಬಂದು ಕೋಲಾರದಲ್ಲಿ ಬಾಡಿಗೆಗಿದ್ದಾರೆ. ಅಂಗಡಿ ಸಂಬಳ, ರಾತ್ರಿ ಹೊತ್ತು ಹೊಲಿಯುವ ಬ್ಲೌಸು ಎಲ್ಲ ಸೇರಿ ತಿಂಗಳಿಗೆ 10,000. ದೊಡ್ಡವಳಿಗೆ 11 ವರ್ಷ, ಆರನೇ ಕ್ಲಾಸು. ಚಿಕ್ಕವನಿಗೆ 5, ಯುಕೆಜಿ. ಅವನಿಗೆ ಉಬ್ಬಸ ಇದೆ. ಚಳಿಗಾಲ ಬಂತೆಂದರೆ ಇನ್ಹೇಲರ್ ಇಲ್ಲದೆ ಆಗುವುದಿಲ್ಲ.

ಗಂಡ ಹೆಂಡತಿ ಯಾಕೆ ಬೇರೆಯಾದರು ಅನ್ನುವುದು ಇಲ್ಲಿ ಬೇಡ. ಮಕ್ಕಳ ಜೀವನಾಂಶ ಲೆಕ್ಕ ಹಾಕುವಾಗ ಅದರಿಂದ ಒಂದು ರೂಪಾಯಿ ಹೆಚ್ಚುಕಮ್ಮಿ ಆಗುವುದಿಲ್ಲ. ಇದನ್ನು ಹೇಳಿದರೆ ಎರಡೂ ಕಡೆಯವರಿಗೆ ಬೇಜಾರು.

ಆ ದಿನ ನಾನು ಕಾನೂನು ಹೇಳಲು ಹೋಗಲಿಲ್ಲ. ಒಂದು ಹಾಳೆ ಕೊಟ್ಟು ಮಕ್ಕಳಿಬ್ಬರ ಖರ್ಚು ಬರೆಯಿರಿ ಅಂದೆ. ಆಕೆ ಬರೆದಿದ್ದು ಹೀಗೆ. ದೊಡ್ಡವಳ ಫೀಸು ವರ್ಷಕ್ಕೆ 24,000, ಅಂದರೆ ತಿಂಗಳಿಗೆ 2,000. ವ್ಯಾನಿಗೆ 900, ಟ್ಯೂಷನ್ನಿಗೆ 500, ಪುಸ್ತಕ ಯೂನಿಫಾರಮ್ಮಿಗೆ ಸರಾಸರಿ 500. ಚಿಕ್ಕವನ ಫೀಸು ವರ್ಷಕ್ಕೆ 18,000, ತಿಂಗಳಿಗೆ 1,500. ವ್ಯಾನು 700. ಉಬ್ಬಸದ ಔಷಧಿ, ಡಾಕ್ಟರು 1,100. ಇಬ್ಬರ ಊಟ, ಹಾಲು, ಹಣ್ಣು 4,500. ಬಟ್ಟೆ, ಚಪ್ಪಲಿ 600. ಬಾಡಿಗೆಯಲ್ಲಿ ಮಕ್ಕಳ ಪಾಲು 3,000. ಗ್ಯಾಸು, ಇತರೆ 700.

ಕೂಡಿದರೆ 16,000. "ಈಗ 4 ಲಕ್ಷವನ್ನ 16 ಸಾವಿರದಿಂದ ಭಾಗಿಸಿ" ಅಂದೆ. ಫೋನ್ ತೆಗೆದು ಒತ್ತಿದರು. 25 ಬಂತು. 25 ತಿಂಗಳು. ಚಿಕ್ಕವನು ಎರಡನೇ ಕ್ಲಾಸು ಮುಗಿಸುವುದರೊಳಗೆ ದುಡ್ಡು ಖಾಲಿ. ಅದೂ ಆಕೆ ತನಗಾಗಿ ಒಂದು ಪೈಸೆ ಮುಟ್ಟದೆ, ಫೀಸು ಒಂದು ರೂಪಾಯಿ ಏರದೆ ಇದ್ದರೆ.

ಬಾಂಡ್ ಪೇಪರನ್ನು ಮಡಚಿ ಮತ್ತೆ ಬ್ಯಾಗಿಗೆ ಹಾಕಿದರು. ಮಾರನೇ ದಿನ ಊರಿಗೆ ಹೋಗಲಿಲ್ಲ.

ಬರೆದುಕೊಟ್ಟರೂ ನಿಲ್ಲದ ಸಾಲು

ಸೈನ್ ಹಾಕಿಬಿಟ್ಟಿದ್ದರೆ? ಆಗಲೂ ಆ ಕೊನೆಯ ಸಾಲು ಮಕ್ಕಳನ್ನು ಕಟ್ಟಿಹಾಕುತ್ತಿರಲಿಲ್ಲ. ಜೀವನಾಂಶ ಮಕ್ಕಳ ಹಕ್ಕು. ತಮ್ಮದಲ್ಲದ ಹಕ್ಕನ್ನು ತಾಯಿ ಬಿಟ್ಟುಕೊಡಲು ಆಗುವುದಿಲ್ಲ. ಕೋರ್ಟುಗಳು ಇದನ್ನು ಎಷ್ಟೋ ಸಲ ಹೇಳಿವೆ. ಆದರೆ ನಿಜ ಜೀವನದಲ್ಲಿ ಒಂದು ಸಲ ಬರೆದುಕೊಟ್ಟವರು ಮತ್ತೆ ಕೋರ್ಟ್ ಮೆಟ್ಟಿಲು ಹತ್ತುವುದು ಕಡಿಮೆ. "ನೀನೇ ಬರ್ಕೊಟ್ಟಿದ್ಯಲ್ಲಮ್ಮಾ" ಅಂತ ಯಜಮಾನರು ಒಂದು ಮಾತು ಅಂದರೆ ಬಾಯಿ ಕಟ್ಟಿಹೋಗುತ್ತದೆ. ಅದಕ್ಕೇ ಆ ಸಾಲು ಸೈನಿಗೆ ಮುಂಚೆಯೇ ಹೋಗಬೇಕು.

ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ 1956ರಲ್ಲಿ ಬಂದಿದ್ದು. ಅದರ 20ನೇ ಸೆಕ್ಷನ್ ಪ್ರಕಾರ ಮಕ್ಕಳನ್ನು ಸಾಕುವುದು ತಂದೆ ತಾಯಿ ಇಬ್ಬರದ್ದೂ ಹೊಣೆ. ಹಿಂದೂ ವಿವಾಹ ಕಾಯ್ದೆಯ 26ನೇ ಸೆಕ್ಷನ್ನಿನಲ್ಲಿ ವಿಚ್ಛೇದನದ ಕೇಸು ನಡೆಯುವಾಗಲೂ, ಮುಗಿದ ಮೇಲೂ ಮಕ್ಕಳ ಸುಪರ್ದಿ, ಖರ್ಚು, ಓದಿನ ಬಗ್ಗೆ ಆದೇಶ ಕೇಳಬಹುದು. ಇವೆರಡರ ಜೊತೆಗೆ ಎಲ್ಲ ಧರ್ಮದವರಿಗೂ ಅನ್ವಯಿಸುವ "125 ಕೇಸು" ಇದೆ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 125ನೇ ಸೆಕ್ಷನ್ನಿನಡಿ ಹಾಕುವ ಜೀವನಾಂಶದ ಅರ್ಜಿ. ನಮ್ಮ ಕಡೆ ಈಗಲೂ ಅದನ್ನು ಹಾಗೇ ಕರೆಯುವುದು. ಆದರೆ 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್. ನಮ್ಮ ಅರ್ಜಿ ಟೈಪ್ ಮಾಡಿದ ಹುಡುಗ ಅಭ್ಯಾಸಬಲದಿಂದ 125 ಅಂತಲೇ ಹೊಡೆದಿದ್ದ. ವಕೀಲರು ಪೆನ್ನಲ್ಲಿ ಹೊಡೆದುಹಾಕಿ 144 ಮಾಡಿದರು.

ವಕೀಲರು ಸಿಕ್ಕಿದ್ದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ. ಹೆಂಗಸರಿಗೆ ಮತ್ತು ಮಕ್ಕಳಿಗೆ ಅಲ್ಲಿ ಆದಾಯದ ಮಿತಿ ಇಲ್ಲ, ವಕೀಲರ ನೆರವು ಉಚಿತ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಆಗಸ್ಟಿನಲ್ಲಿ ಅರ್ಜಿ ಹಾಕಿದೆವು. ತಾಯಿ, ಮಗಳು, ಮಗ ಮೂವರೂ ಅರ್ಜಿದಾರರು. ಮಕ್ಕಳ ಹೆಸರನ್ನು ಬೇರೆಯಾಗಿ ಹಾಕಿ ಮೊತ್ತವನ್ನೂ ಬೇರೆ ಬೇರೆ ಕೇಳಬೇಕು ಅಂತ ವಕೀಲರು ಹಠ ಹಿಡಿದರು. ಆ ಹಠ ಎಷ್ಟು ಒಳ್ಳೆಯದಾಯಿತು ಅನ್ನುವುದು ಆಮೇಲೆ ಗೊತ್ತಾಯಿತು.

"25 ಪರ್ಸೆಂಟ್ ಕೊಟ್ರೆ ಮುಗೀತು"

ಕೋರ್ಟ್ ಎದುರಿನ ಟೀ ಅಂಗಡಿಯಲ್ಲಿ ಈ ಮಾತು ದಿನಾ ಕೇಳುತ್ತೇನೆ. ಸಂಬಳದ ನಾಲ್ಕನೇ ಒಂದು ಭಾಗ ಕೊಟ್ಟರೆ ಹೆಂಡತಿ, ಮಕ್ಕಳು ಎಲ್ಲಾ ಸೇರಿ ಲೆಕ್ಕ ಚುಕ್ತಾ ಅಂತ. ಈ ಮಾತು ಪೂರ್ತಿ ಆಕಾಶದಿಂದ ಬಿದ್ದಿದ್ದೂ ಅಲ್ಲ. 2017ರಲ್ಲಿ ಪಶ್ಚಿಮ ಬಂಗಾಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗಂಡನ ನಿವ್ವಳ ಸಂಬಳದ ಶೇ. 25 ಹೆಂಡತಿಗೆ ಕೊಡುವುದು ನ್ಯಾಯವಾದ ಮೊತ್ತ ಎಂದಿತ್ತು. ಆ ಮಾತು ಹೆಂಡತಿಯ ಜೀವನಾಂಶಕ್ಕೆ ಹೇಳಿದ್ದು. ಮಕ್ಕಳಿಗೆ ಇಷ್ಟು ಪರ್ಸೆಂಟ್ ಎಂಬ ಪಟ್ಟಿ ನಮ್ಮ ದೇಶದ ಕಾನೂನಿನಲ್ಲಿ ಇಲ್ಲ. ಕೆಲವು ದೇಶಗಳಲ್ಲಿ ಇದೆ, ಸಂಬಳ ಮತ್ತು ಮಕ್ಕಳ ಸಂಖ್ಯೆ ಹಾಕಿದರೆ ಮೊತ್ತ ಬರುತ್ತದೆ. ಇಲ್ಲಿ ಪ್ರತಿ ಮನೆಯ ಲೆಕ್ಕವನ್ನೂ ಹೊಸದಾಗಿ ಬಿಚ್ಚಬೇಕು.

ಬಿಚ್ಚುವುದು ಹೇಗೆ ಅನ್ನುವುದಕ್ಕೆ ಈಗ ಒಂದು ಕ್ರಮ ಇದೆ. 2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಇಡೀ ದೇಶಕ್ಕೆ ಮಾರ್ಗಸೂಚಿ ಕೊಟ್ಟಿತು. ಜೀವನಾಂಶದ ಕೇಸಿನಲ್ಲಿ ಎರಡೂ ಕಡೆಯವರು ತಮ್ಮ ಆಸ್ತಿ, ಸಾಲ, ಆದಾಯ, ಖರ್ಚನ್ನೆಲ್ಲ ಅಫಿಡವಿಟ್ಟಿನಲ್ಲಿ, ಅಂದರೆ ಪ್ರಮಾಣ ಮಾಡಿದ ಹೇಳಿಕೆಯಲ್ಲಿ, ಬರೆದುಕೊಡಬೇಕು. ಎದುರುಪಕ್ಷದವರಿಗೆ 4 ವಾರ ಸಮಯ. ಕಾಲಾವಕಾಶ ಕೇಳುತ್ತಾ ಹೋದರೆ ಎರಡು ಸಲಕ್ಕಿಂತ ಜಾಸ್ತಿ ಕೊಡಬಾರದು. ಮಧ್ಯಂತರ ಜೀವನಾಂಶವನ್ನು, ಅಂದರೆ ಕೇಸು ಮುಗಿಯುವವರೆಗೆ ಕೊಡುವ ಮೊತ್ತವನ್ನು, ನಾಲ್ಕರಿಂದ ಆರು ತಿಂಗಳೊಳಗೆ ತೀರ್ಮಾನ ಮಾಡಲು ನೋಡಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದ ಲೆಕ್ಕ, ಆದೇಶ ಬಂದ ದಿನದಿಂದ ಅಲ್ಲ. ಒಂದಕ್ಕಿಂತ ಹೆಚ್ಚು ಕೇಸಿದ್ದರೆ ಹಿಂದಿನ ಆದೇಶವನ್ನು ಬಚ್ಚಿಡದೆ ಹೇಳಬೇಕು, ಆ ಮೊತ್ತ ಹೊಂದಾಣಿಕೆ ಆಗುತ್ತದೆ.

ಕಾಗದದಲ್ಲಿ ಚೆನ್ನಾಗಿದೆ, ಅಲ್ವಾ? ಪಾಲನೆ ಆಗುತ್ತಿಲ್ಲ ಎಂದು ಸುಪ್ರೀಂ ಕೋರ್ಟೇ 2023ರ ನವೆಂಬರಿನಲ್ಲಿ, ಒಂದು ಮಗುವಿನ ಜೀವನಾಂಶದ ಪ್ರಕರಣದಲ್ಲಿ, ಮತ್ತೆ ನೆನಪಿಸಬೇಕಾಯಿತು. ನಮ್ಮ ಕೇಸಿನಲ್ಲಿ ಮಧ್ಯಂತರ ಆದೇಶಕ್ಕೆ ಏಳು ತಿಂಗಳು ಹಿಡಿಯಿತು. ಕೆಲವು ವಾಯಿದೆ (ವಿಚಾರಣೆಯ ದಿನ) ನೋಟಿಸ್ ತಲುಪದೆ ಹೋದವು. ಇನ್ನೆರಡು ವಾಯಿದೆ, ಅಫಿಡವಿಟ್ ಬರೆಯಲಿಲ್ಲ ಅಂತ ಹೋದವು.

ಅಫಿಡವಿಟ್ ಬಂತು

ತಂದೆಯ ಅಫಿಡವಿಟ್ಟಿನಲ್ಲಿ ಸಂಬಳ 34,000. ಅದರಲ್ಲಿ ಪಿಎಫ್ 1,800, ವೃತ್ತಿ ತೆರಿಗೆ 200. ಉಳಿದದ್ದು 32,000. ಅದರ ಕೆಳಗೆ ಬೈಕ್ ಸಾಲದ ಕಂತು 4,200, ಪರ್ಸನಲ್ ಲೋನ್ ಕಂತು 7,800, ಚೀಟಿ 5,000. ಅಪ್ಪ ಅಮ್ಮನಿಗೆ 6,000. ಕೊನೆಗೆ ಕೈಯಲ್ಲಿ ಉಳಿಯುವುದು 9,000. ಅದರಲ್ಲಿ 3,000 ಕೊಡಲು ಸಿದ್ಧ ಎಂದು ಬರೆದಿದ್ದರು.

ಮೊದಲ ನೋಟಕ್ಕೆ ಅಯ್ಯೋ ಪಾಪ ಅನ್ನಿಸುವ ಲೆಕ್ಕ. ಆದರೆ ಪಿಎಫ್, ತೆರಿಗೆ ಥರದ ಕಡ್ಡಾಯ ಕಡಿತ ಬೇರೆ, ತಾನಾಗಿ ಮಾಡಿಕೊಂಡ ಸಾಲದ ಕಂತು ಬೇರೆ. ಕಂತು ಕಟ್ಟಬೇಕು ಎಂಬ ಕಾರಣಕ್ಕೆ ಮಕ್ಕಳ ಪಾಲು ಕಡಿಮೆ ಮಾಡಲು ಕೋರ್ಟುಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಚೀಟಿ ಅಂತೂ ಉಳಿತಾಯ. ಇಲ್ಲಿ ಇನ್ನೊಂದು ವಿಷಯವೂ ಇತ್ತು. ಪರ್ಸನಲ್ ಲೋನ್ ತೆಗೆದ ದಿನ ನೋಡಿದರೆ ನೋಟಿಸ್ ಕೈಗೆ ಬಂದು ಹತ್ತೊಂಬತ್ತು ದಿನ ಆಗಿತ್ತು. ವಕೀಲರು ಆ ತಾರೀಕಿಗೆ ಕೆಂಪು ಗೆರೆ ಎಳೆದು ಇಟ್ಟುಕೊಂಡರು. ಅಪ್ಪ ಅಮ್ಮನ 6,000ಕ್ಕೆ ಮಾತ್ರ ನಾನು ವೈಯಕ್ತಿಕವಾಗಿ ತಕರಾರು ಮಾಡುತ್ತಿರಲಿಲ್ಲ. ವಯಸ್ಸಾದವರು, ಅವರನ್ನು ನೋಡಿಕೊಳ್ಳುವುದೂ ಕಾನೂನಿನ ಹೊಣೆಯೇ. ಅಣ್ಣನದ್ದೂ ಅರ್ಧ ಪಾಲು ಇರಬೇಕಲ್ವಾ ಅನ್ನುವುದು ಬೇರೆ ಮಾತು.

ಇನ್ನು ಹಸುಗಳು. ಅಫಿಡವಿಟ್ಟಿನಲ್ಲಿ ಹಸುವಿನ ಸುದ್ದಿಯೇ ಇಲ್ಲ. ಸುಪ್ರೀಂ ಕೋರ್ಟ್ ಕೊಟ್ಟ ನಮೂನೆಗಳಲ್ಲಿ ಕೃಷಿಕರಿಗೆ ಬೇರೆಯೇ ಒಂದು ನಮೂನೆ ಇದೆ. ಅದರಲ್ಲಿ ಜಮೀನು, ಬೆಳೆ, ದನಕರು, ಅವುಗಳಿಂದ ಬರುವ ಆದಾಯ ಎಲ್ಲ ಕೇಳುತ್ತಾರೆ. ಇವರು ನೌಕರರ ನಮೂನೆ ಮಾತ್ರ ತುಂಬಿದ್ದರು. ನಮ್ಮ ಜಿಲ್ಲೆಯಲ್ಲಿ ಇದು ಮಾಮೂಲು. ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ ಆಮೇಲೆ ಕಂಪನಿ ಬಸ್ ಹತ್ತುವವರು ಸಾವಿರಾರು ಜನ. ಕೇಳಿದರೆ "ನಾನು ಕಂಪನಿ ಕೆಲಸದವನು" ಅನ್ನುತ್ತಾರೆ.

ಹಾಲಿನ ದುಡ್ಡು ಬೀಳುವ ಖಾತೆ ಊರಿನ ಬ್ಯಾಂಕಿನಲ್ಲಿತ್ತು. ಅದನ್ನು ತೆರೆಯುವಾಗ ಮನೆಯಲ್ಲಿದ್ದ ಒಂದೇ ಮೊಬೈಲ್ ನಂಬರ್ ಕೊಟ್ಟಿದ್ದರು. ಅದು ಹೆಂಡತಿಯದು. ಬೇರೆಯಾಗಿ ಒಂದೂವರೆ ವರ್ಷ ಆದಮೇಲೂ ಡೇರಿ ಬಟವಾಡೆ ಜಮಾ ಆದ ಮೆಸೇಜು ಆಕೆಯ ಫೋನಿಗೇ ಬರುತ್ತಿತ್ತು. ಸರ್ಕಾರ ಲೀಟರಿಗೆ 5 ರೂಪಾಯಿಯಂತೆ ಕೊಡುವ ಪ್ರೋತ್ಸಾಹಧನದ ಮೆಸೇಜು ಕೂಡ. ನಂಬರ್ ಬದಲಿಸಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. ಆಕೆ ಅವನ್ನು ಅಳಿಸಿರಲೂ ಇಲ್ಲ. "ಬಿಡಿ ಅಕ್ಕಾ, ಹಸುಗೆ ಹುಷಾರಾಗಿದೆ ಅಂತ ಗೊತ್ತಾಗ್ತಿತ್ತು" ಅಂದರು. ಒಂದು ಹಸು ಆಕೆಯ ತವರಿನಿಂದ ಬಂದಿದ್ದು.

ವಕೀಲರು ಮೆಸೇಜುಗಳನ್ನು ತೋರಿಸಿ, ಆ ಖಾತೆಯ ಪಾಸ್‌ಬುಕ್ ಹಾಜರುಪಡಿಸಲು ಆದೇಶ ಕೊಡಿ ಎಂದು ಅರ್ಜಿ ಹಾಕಿದರು. ಅಫಿಡವಿಟ್ಟಿನಲ್ಲಿ ಹೇಳಿದ್ದಕ್ಕೆ ತಕರಾರಿದ್ದರೆ ಲಿಖಿತ ಪ್ರಶ್ನೆ ಕೇಳುವ, ದಾಖಲೆ ತರಿಸುವ ದಾರಿಯೂ ಅದೇ ಮಾರ್ಗಸೂಚಿಯಲ್ಲಿದೆ. ಪಾಸ್‌ಬುಕ್ ಬಂತು. ಹಿಂಡಿ, ಬೂಸ, ಡಾಕ್ಟರ್ ಖರ್ಚು ಕಳೆದರೆ ತಿಂಗಳಿಗೆ ಸುಮಾರು 5,000 ಉಳಿಯುತ್ತದೆ ಎಂಬ ಲೆಕ್ಕಕ್ಕೆ ಎರಡೂ ಕಡೆ ಬಂದು ನಿಂತರು.

ಟೊಮ್ಯಾಟೊ ವಿಷಯದಲ್ಲಿ ನಮ್ಮ ಕಡೆಯವರೇ ಸ್ವಲ್ಪ ಅತಿ ಮಾಡಿದರು. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿತ್ತು, ಆದ್ದರಿಂದ ಲಕ್ಷಾಂತರ ಆದಾಯ ಇದೆ ಎಂದು ಆಕೆಯ ಅಣ್ಣ ಬರೆಸಿದ್ದರು. ಅದೇ ಟೊಮ್ಯಾಟೊ ಕೀಳುವ ಕೂಲಿಯೂ ಗಿಟ್ಟದೆ ರಸ್ತೆಗೆ ಸುರಿದಿದ್ದನ್ನೂ ಇಲ್ಲಿಯವರು ಎಷ್ಟು ಸಲ ನೋಡಿಲ್ಲ? ಒಂದು ಜುಲೈ ತಿಂಗಳ ರೇಟು ಹಿಡಿದು ಹನ್ನೆರಡು ತಿಂಗಳ ಆದಾಯ ಹೇಳುವುದು ಮೋಸ. ಜಮೀನು ಇನ್ನೂ ತಾತನ ಹೆಸರಲ್ಲಿತ್ತು, ಪಾಲು ಆಗಿರಲಿಲ್ಲ. ಕೋರ್ಟ್ ಮಧ್ಯಂತರ ಹಂತದಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಸರಿಯಾಗಿಯೇ ಮಾಡಿತು.

ತಾಯಿಯ ಅಫಿಡವಿಟ್ಟಿಗೂ ಪೆಟ್ಟು ಬಿತ್ತು. ಆಕೆ ಅಂಗಡಿಯ ಸಹೋದ್ಯೋಗಿಗಳ ಜೊತೆ 1 ಲಕ್ಷದ ಚೀಟಿ ಹಾಕಿದ್ದನ್ನು ಬರೆದಿರಲಿಲ್ಲ. ತಿಂಗಳಿಗೆ 2,000 ಕಟ್ಟುತ್ತಿದ್ದರು. ಗಂಡನ ಕಡೆಯವರಿಗೆ ಅದು ಗೊತ್ತಿತ್ತು, ಸಣ್ಣ ಊರು. "ಇದೂ ಬರೀಬೇಕಾ ಅಂತ ಗೊತ್ತಾಗ್ಲಿಲ್ಲ" ಅಂದರು ನನ್ನ ಹತ್ತಿರ. ಗೊತ್ತಾಗದೆ ಇರಬಹುದು. ಆದರೆ ಅಫಿಡವಿಟ್ಟಿನಲ್ಲಿ ಸುಳ್ಳು ಹೇಳಿದರೆ ಬೇರೆ ಕ್ರಮವೇ ಎದುರಿಸಬೇಕಾಗುತ್ತದೆ, ಅದು ಇಬ್ಬರಿಗೂ ಒಂದೇ. ತಿದ್ದಿದ ಅಫಿಡವಿಟ್ ಹಾಕಿ ಕ್ಷಮೆ ಕೇಳಿದರು. ಆ ವಾಯಿದೆಯಲ್ಲಿ ನಾವು ಕೂತಲ್ಲೇ ಕುಗ್ಗಿಹೋದೆವು.

ಗೃಹಲಕ್ಷ್ಮಿ ಯಾರ ಖಾತೆಗೆ?

ವಾದದಲ್ಲಿ ಒಂದು ತಮಾಷೆ ನಡೆಯಿತು. ಆಕೆಗೆ ಸರ್ಕಾರದಿಂದ ಗೃಹಲಕ್ಷ್ಮಿ 2,000 ಬರುತ್ತದೆ, ಅದನ್ನೂ ಆದಾಯಕ್ಕೆ ಸೇರಿಸಿ ಎಂದು ತಂದೆಯ ಕಡೆಯಿಂದ ವಾದ ಬಂತು. ವಿಚಾರಿಸಿದರೆ ಆಕೆಯ ಹೆಸರು ಇನ್ನೂ ಗಂಡನ ಮನೆಯ ರೇಷನ್ ಕಾರ್ಡಿನಲ್ಲೇ ಇದೆ. ಆ ಕಾರ್ಡಿನಲ್ಲಿ ಯಜಮಾನಿ ಅತ್ತೆ. 2,000 ಹೋಗುತ್ತಿದ್ದುದು ಅತ್ತೆಯ ಖಾತೆಗೆ. ಮಕ್ಕಳ ಪಾಲಿನ ಅಕ್ಕಿಯೂ ಅದೇ ಕಾರ್ಡಿಗೆ. ಆ ವಾದವನ್ನು ಮತ್ತೆ ಯಾರೂ ಎತ್ತಲಿಲ್ಲ.

ಆಕೆ ಓದಿದ್ದಾಳೆ, ಬೇಕಿದ್ದರೆ ಇನ್ನೂ ಜಾಸ್ತಿ ದುಡಿಯಬಹುದು ಎಂಬ ವಾದವೂ ಬಂತು. ಅದಕ್ಕೆ ನಮ್ಮ ವಕೀಲರು ಕರ್ನಾಟಕ ಹೈಕೋರ್ಟ್ 2024ರಲ್ಲಿ ಕೊಟ್ಟ ಆದೇಶವೊಂದನ್ನು ಇಟ್ಟರು. ಮಕ್ಕಳನ್ನು ನೋಡಿಕೊಳ್ಳುವ ತಾಯಿ ಸುಮ್ನೆ ಕೂತಿದ್ದಾಳೆ ಎನ್ನಲಾಗದು, ಆಕೆಯದು ಇಡೀ ದಿನದ ದುಡಿಮೆ ಎಂದು ಹೇಳಿ ಹೈಕೋರ್ಟ್ 18,000 ಇದ್ದ ಜೀವನಾಂಶವನ್ನು 36,000ಕ್ಕೆ ಏರಿಸಿತ್ತು.

ಹಾಗಂತ ತಾಯಿಯ ಪಾಲು ಏನೂ ಇಲ್ಲ ಎಂದಲ್ಲ. ಇಬ್ಬರೂ ದುಡಿಯುತ್ತಿದ್ದರೆ ಇಬ್ಬರೂ ಹೊರಬೇಕು. ಇದು 2000ನೇ ಇಸವಿಯಲ್ಲೇ ಸುಪ್ರೀಂ ಕೋರ್ಟ್ ತೋರಿಸಿದ ದಾರಿ. ಆ ಪ್ರಕರಣದಲ್ಲಿ ತಂದೆಯ ಸಂಬಳ ತಾಯಿಯ ಸಂಬಳದ ಸುಮಾರು ಎರಡರಷ್ಟಿತ್ತು. ಪ್ರತಿ ಮಗುವಿಗೆ ತಿಂಗಳಿಗೆ 3,000 ಎಂದು ನಿಗದಿ ಮಾಡಿ, ಇಬ್ಬರೂ ಎರಡಕ್ಕೆ ಒಂದರ ಪ್ರಮಾಣದಲ್ಲಿ ಹಂಚಿಕೊಳ್ಳಿ ಎಂದಿತ್ತು. ನಮ್ಮ ಲೆಕ್ಕದಲ್ಲಿ ತಂದೆಗೆ 32,000 ಮತ್ತು ಹಾಲಿನ 5,000 ಸೇರಿ 37,000. ತಾಯಿಗೆ 10,000. ಒಟ್ಟು 47,000ದಲ್ಲಿ 37,000 ತಂದೆಯದು. 16,000 ಖರ್ಚನ್ನು ಅದೇ ಪ್ರಮಾಣದಲ್ಲಿ ಹಂಚಿದರೆ ತಂದೆಯ ಪಾಲು ಸುಮಾರು 12,600 ಬರುತ್ತದೆ. ಕೋರ್ಟ್ ಹೀಗೇ ಗುಣಿಸಬೇಕು ಎಂದೇನಿಲ್ಲ. ಆದರೆ ಕೇಳುವ ಮೊತ್ತಕ್ಕೆ ಒಂದು ಬುಡ ಸಿಗುತ್ತದೆ.

2025ರ ಮಾರ್ಚಿನಲ್ಲಿ ಮಧ್ಯಂತರ ಆದೇಶ ಬಂತು. ಮಗಳಿಗೆ 6,000, ಮಗನಿಗೆ 5,000, ಒಟ್ಟು 11,000. ತಾಯಿಯ ಸ್ವಂತ ಜೀವನಾಂಶದ ಪ್ರಶ್ನೆಯನ್ನು ಮುಂದಿನ ವಿಚಾರಣೆಗೆ ಇಟ್ಟರು. ಇಲ್ಲಿಯೇ ವಕೀಲರ ಹಠ ಕೆಲಸಕ್ಕೆ ಬಂದಿದ್ದು. ಮೂವರಿಗೂ ಸೇರಿಸಿ ಒಂದೇ ಮೊತ್ತ ಕೇಳಿದ್ದರೆ ತಾಯಿಯ ವಿವಾದದಲ್ಲಿ ಮಕ್ಕಳದ್ದೂ ಸಿಕ್ಕಿಹಾಕಿಕೊಳ್ಳುತ್ತಿತ್ತು.

ಆದೇಶ ಆಗಸ್ಟಿನಿಂದ ಅನ್ವಯ. ಫೆಬ್ರವರಿವರೆಗೆ 7 ತಿಂಗಳು, 77,000 ಬಾಕಿ. ನಡುವೆ ತಂದೆ ನಾಲ್ಕು ಸಲ ಫೋನ್‌ಪೇಯಲ್ಲಿ 3,000 ಕಳಿಸಿದ್ದರು, ಆ 12,000 ಕಳೆದು 65,000. ತಿಂಗಳ ಮೊತ್ತದ ಜೊತೆ 5,000ದಂತೆ 13 ಕಂತು. ಕೈಯಲ್ಲಿ ನಗದು ಕೊಟ್ಟಿದ್ದೆ ಅಂತ ಅವರು ಇನ್ನೂ 8,000 ಹೇಳಿದರು. ಆಕೆ ಇಲ್ಲ ಅಂದರು. ರಸೀದಿ ಇಲ್ಲ, ಸಾಕ್ಷಿ ಇಲ್ಲ. ಕೊಟ್ಟಿದ್ದರೂ ಕೊಟ್ಟಿರಬಹುದು, ನನಗೆ ಗೊತ್ತಿಲ್ಲ. ಅದು ಲೆಕ್ಕಕ್ಕೆ ಬರಲಿಲ್ಲ. ಕೊಡುವವರು ಖಾತೆಗೇ ಹಾಕಬೇಕು, ತಗೊಳ್ಳುವವರೂ ಖಾತೆಯಲ್ಲೇ ತಗೊಳ್ಳಬೇಕು.

ಏಪ್ರಿಲ್, ಮೇ ಎರಡು ತಿಂಗಳು ದುಡ್ಡು ಬರಲಿಲ್ಲ

ತಂದೆ ಕೆಟ್ಟವರೇನಲ್ಲ. ಒಂದು ದಿನ ಕಾರಿಡಾರಿನಲ್ಲಿ ನನ್ನನ್ನೇ ನಿಲ್ಲಿಸಿ ಕೇಳಿದರು. "ಮೇಡಂ, ಎರಡು ವರ್ಷದಲ್ಲಿ ಮಕ್ಕಳನ್ನ ಆರೇ ಸಲ ನೋಡಿರೋದು. ಮುಖ ತೋರಿಸಲ್ಲ, ದುಡ್ಡು ಮಾತ್ರ ಬೇಕಾ? ಅದೂ ಭಾಮೈದನ ಕೈಗೆ ಹೋಗುತ್ತೆ."

ಅವರ ನೋವು ಸುಳ್ಳಲ್ಲ. ಆದರೆ ಆ ಎರಡಕ್ಕೂ ಗಂಟು ಹಾಕಲು ಬರುವುದಿಲ್ಲ. ಮಕ್ಕಳನ್ನು ತೋರಿಸಲಿಲ್ಲ ಅಂತ ಊಟದ ದುಡ್ಡು ನಿಲ್ಲಿಸುವ ಹಾಗಿಲ್ಲ. ದುಡ್ಡು ಕೊಡಲಿಲ್ಲ ಅಂತ ಮಕ್ಕಳನ್ನು ತೋರಿಸದೆ ಇರುವ ಹಾಗೂ ಇಲ್ಲ. ಭೇಟಿ ಬೇಕಿದ್ದರೆ ಅದಕ್ಕೇ ಬೇರೆ ಅರ್ಜಿ ಹಾಕಬೇಕು. ಅವರ ವಕೀಲರು ಅದನ್ನು ಹಾಕಿಯೇ ಇರಲಿಲ್ಲ.

ನಾವು ವಸೂಲಿಗೆ ಅರ್ಜಿ ಹಾಕಿದೆವು. ಸರಿಯಾದ ಕಾರಣ ಇಲ್ಲದೆ ಕೊಡದಿದ್ದರೆ ಕೋರ್ಟ್ ವಾರಂಟ್ ಹೊರಡಿಸಬಹುದು. ಆಗಲೂ ಕೊಡದಿದ್ದರೆ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು. ಬಾಕಿ ಆದ ಒಂದು ವರ್ಷದೊಳಗೆ ಈ ಅರ್ಜಿ ಹಾಕಬೇಕು, ಇದನ್ನು ಮರೆತು ಹಣ ಕಳೆದುಕೊಂಡವರನ್ನು ನೋಡಿದ್ದೇನೆ. ಜೈಲಿಗೆ ಹೋಗಿಬಂದರೆ ಬಾಕಿ ತೀರಿತು ಎಂಬ ಇನ್ನೊಂದು ಮಾತು ಓಡಾಡುತ್ತಿದೆ. ಅದು ತಪ್ಪು. ಜೈಲು ಕೊಡಿಸಲು ಇರುವ ಒತ್ತಡ, ಕೊಟ್ಟಿದ್ದಕ್ಕೆ ಸಮ ಅಲ್ಲ ಎಂದು ಸುಪ್ರೀಂ ಕೋರ್ಟ್ 1988ರಷ್ಟು ಹಿಂದೆಯೇ ಹೇಳಿದೆ. ನನ್ನ ಕೇಳಿದರೆ, ಕಂಪನಿ ಕೆಲಸದವರನ್ನು ಜೈಲಿಗೆ ಕಳಿಸುವುದಕ್ಕಿಂತ ಸಂಬಳ ಜಪ್ತಿ ಕೇಳುವುದು ಮೇಲು. ಕೆಲಸ ಹೋದರೆ ಮಕ್ಕಳ ಪಾಲೂ ಹೋಗುತ್ತದೆ.

ಅಷ್ಟರವರೆಗೆ ಹೋಗಲಿಲ್ಲ. ಜೂನಿನಲ್ಲಿ ಪ್ರಕರಣ ಮಧ್ಯಸ್ಥಿಕೆಗೆ ಹೋಯಿತು. ಮೂರು ಸಲ ಕೂತರು. ಮೊದಲ ಸಲ ಬರೀ ಜಗಳ. ಎರಡನೇ ಸಲ ಮಧ್ಯಸ್ಥಗಾರರು ಭಾಮೈದನ ವಿಷಯ ಎತ್ತಿಕೊಂಡು, "ಸರಿ, ಫೀಸನ್ನು ನೀವೇ ನೇರವಾಗಿ ಶಾಲೆಗೆ ಕಟ್ಟಿ, ರಸೀದಿ ನಿಮ್ಮ ಹೆಸರಲ್ಲೇ ಬರಲಿ" ಅಂದರು. ತಂದೆ ಅಲ್ಲಿಯವರೆಗೂ ಕೈಕಟ್ಟಿ ಕೂತಿದ್ದವರು ಕೈ ಬಿಡಿಸಿದರು. ಮೂರನೇ ಸಲ ಹೆಚ್ಚು ಮಾತು ಬೇಕಾಗಲಿಲ್ಲ.

ಆದ ಒಪ್ಪಂದ ಇಷ್ಟು. ಮಕ್ಕಳಿಬ್ಬರಿಗೆ ಸೇರಿ ತಿಂಗಳಿಗೆ 10,000, ಪ್ರತಿ ತಿಂಗಳ 5ನೇ ತಾರೀಕಿನೊಳಗೆ ತಾಯಿಯ ಖಾತೆಗೆ. ವರ್ಷದ 42,000 ಶಾಲಾ ಫೀಸು ಪೂರ್ತಿ ತಂದೆಯದು, ನೇರ ಶಾಲೆಗೆ. 1,000 ದಾಟುವ ಆಸ್ಪತ್ರೆ ಬಿಲ್ಲು ಅರ್ಧ ಅರ್ಧ. ಪ್ರತಿ ವರ್ಷ ಜೂನಿನಲ್ಲಿ ಶೇ. 5 ಏರಿಕೆ. ಇದಕ್ಕೆ ನಾವು ತೋರಿಸಿದ್ದು 2025ರ ಮೇ ತಿಂಗಳ ಸುಪ್ರೀಂ ಕೋರ್ಟ್ ತೀರ್ಪು. ಅದರಲ್ಲಿ ಹೆಂಡತಿಯ 50,000 ಜೀವನಾಂಶಕ್ಕೆ ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ ಸೇರಿಸಿದ್ದರು. ಏರಿಕೆ ಬರೆಯದಿದ್ದರೆ ಪ್ರತಿ ಸಲ ಮೊತ್ತ ಬದಲಿಸಲು ಹೊಸ ಅರ್ಜಿ ಹಾಕಿಕೊಂಡು ಓಡಾಡಬೇಕು. ಹಳೇ ಬಾಕಿಯ ಕಂತುಗಳು ಹಾಗೇ ಮುಂದುವರಿಯುವುದು. ತಾಯಿಗೆ ಬೇರೆಯಾಗಿ 3 ಲಕ್ಷ ಎರಡು ಕಂತಿನಲ್ಲಿ, ಜೊತೆಗೆ ಆಕೆಯ ಒಡವೆ ವಾಪಸ್. ಎರಡನೇ ಮತ್ತು ನಾಲ್ಕನೇ ಭಾನುವಾರ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಮಕ್ಕಳು ತಂದೆಯ ಜೊತೆ.

ಒಂದು ಸಾಲಿಗೆ ಮಾತ್ರ ಜಾಸ್ತಿ ಹೊತ್ತು ಹಿಡಿಯಿತು. ಎಲ್ಲಿಯವರೆಗೆ ಕೊಡಬೇಕು? 144ನೇ ಸೆಕ್ಷನ್ನಿನಲ್ಲಿ ಮಗ 18 ದಾಟಿದರೆ ನಿಲ್ಲುತ್ತದೆ, ದೈಹಿಕ ಅಥವಾ ಮಾನಸಿಕ ತೊಂದರೆಯಿಂದ ದುಡಿಯಲಾಗದವರನ್ನು ಬಿಟ್ಟು. ಮದುವೆಯಾಗದ ಮಗಳು ತನ್ನನ್ನು ತಾನು ಸಾಕಿಕೊಳ್ಳಲು ಆಗದಿದ್ದರೆ 1956ರ ಕಾಯ್ದೆಯಡಿ ಆಮೇಲೂ ಕೇಳಬಹುದು, ಅದರಲ್ಲಿ ಆಕೆಯ ಮದುವೆಯ ಖರ್ಚೂ ಸೇರುತ್ತದೆ. ಮಗಳ ಓದಿನ ಖರ್ಚು ಪಡೆಯುವುದು ಆಕೆಯ ಹಕ್ಕು ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಬೇರೊಂದು ಪ್ರಕರಣದಲ್ಲಿ ಹೇಳಿತ್ತು. ಆದರೆ ಪಿಯುಸಿ ಮುಗಿಸುವ ಹೊತ್ತಿಗೆ ಹುಡುಗನಿಗೆ 18 ಆಗಿಬಿಡುತ್ತದೆ. ಡಿಗ್ರಿ ಯಾರು ಓದಿಸುವುದು? ಕಾನೂನು ಕೊಡುವುದಕ್ಕಿಂತ ಜಾಸ್ತಿ ಬರೆದುಕೊಳ್ಳಲು ಒಪ್ಪಂದದಲ್ಲಿ ಅಡ್ಡಿಯಿಲ್ಲ. "ಇಬ್ಬರು ಮಕ್ಕಳ ಮೊದಲ ಪದವಿ ಮುಗಿಯುವವರೆಗೆ" ಎಂದು ಬರೆಸಿದೆವು. ಆ ಸಾಲನ್ನು ತಂದೆ ಎರಡು ಸಲ ಓದಿಸಿಕೊಂಡು ಸೈನ್ ಹಾಕಿದರು. ತಾವು ಐಟಿಐಗೆ ನಿಂತಿದ್ದು ಯಾಕೆ ಅಂತ ಆಗ ಮೊದಲ ಸಲ ಹೇಳಿದರು. ಅದು ಇಲ್ಲಿ ಬೇಡ.

ಒಪ್ಪಿಗೆಯ ವಿಚ್ಛೇದನದ ಅರ್ಜಿ ಜುಲೈನಲ್ಲಿ ಹಾಕಿದರು. ಬೇರೆಯಾಗಿ ಎರಡು ವರ್ಷ ದಾಟಿತ್ತು, ಆರು ತಿಂಗಳ ಕಾಯುವಿಕೆಯನ್ನು ಮನ್ನಾ ಮಾಡಿ ಎಂದು ಕೇಳಿದರು. ಆ ಅವಧಿ ಕಡ್ಡಾಯವೇನಲ್ಲ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿರುವುದರಿಂದ ಮನ್ನಾ ಸಿಕ್ಕಿತು. ವಿಚ್ಛೇದನವೂ ಆಯಿತು. ತಾಯಿ ರೇಷನ್ ಕಾರ್ಡ್ ಬೇರೆ ಮಾಡಿಸಲು ಓಡಾಡುತ್ತಿದ್ದಾರೆ.

ನವೆಂಬರಿನಲ್ಲಿ ಚಳಿ ಶುರುವಾದಾಗ ಚಿಕ್ಕವನಿಗೆ ಮತ್ತೆ ಉಬ್ಬಸ ಬಂತು. ಎರಡು ದಿನ ಆಸ್ಪತ್ರೆ. ಆ ವಾರ ತಂದೆಯಿಂದ ನನಗೆ ಫೋನ್ ಬಂತು, ಶಿಫ್ಟ್ ಮುಗಿಸಿ ಬಸ್ಸಿನಲ್ಲಿದ್ದರು ಅನ್ನಿಸುತ್ತದೆ, ಹಿಂದೆ ಹಾರ್ನ್ ಕೇಳುತ್ತಿತ್ತು.

"ಮೇಡಂ, ಆಸ್ಪತ್ರೆ ಬಿಲ್ಲು ವಾಟ್ಸಾಪಲ್ಲಿ ಕಳ್ಸಿದಾರೆ. 2,340 ಇದೆ. ನಾನು ಅರ್ಧ ಹಾಕಕ್ಕೆ ಫೋಟೋ ಸಾಕಾ, ಒರಿಜಿನಲ್ ಬೇಕಾ?"

ಫೋಟೋ ಸಾಕು ಅಂದೆ.

"ಸರಿ. ಆ ಇನ್ಹೇಲರ್‌ದು ಪೂರ್ತಿ ನಾನೇ ಹಾಕ್ತೀನಿ ಅಂತ ಹೇಳ್ಬಿಡಿ" ಅಂದು ಫೋನಿಟ್ಟರು.